ಷರಾಯಿ, ಕಂಬಳಿ ಮತ್ತು ಹಿಮದ ದಾರಿ



ಗಾಂಧಿ ಬಜಾರಿನ ಹೂವಿನ ಸಾಲಿನ ಮುಂದೆ ನಿಂತು ಹಿಮದ ಮಾತು ತೆಗೆದರೆ ಪಕ್ಕದಲ್ಲಿ ನಿಂತವರು ಒಂದು ಕ್ಷಣ ನಿಮ್ಮ ಮುಖ ನೋಡುವುದು ಖಂಡಿತ. ನಮ್ಮ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಮಾತು. ಆದರೂ ಪ್ರತಿ ಡಿಸೆಂಬರಿನಲ್ಲಿ ಬಸವನಗುಡಿಯಿಂದಲೋ, ಮಲ್ಲೇಶ್ವರದಿಂದಲೋ, ಚಾಮರಾಜಪೇಟೆಯಿಂದಲೋ ಯಾರದಾದರೂ ಮನೆಯ ಮಗನೋ ಮಗಳೋ ಬೆನ್ನಿಗೆ ಚೀಲ ಏರಿಸಿ ಹಿಮಾಲಯಕ್ಕೆ ಹೊರಡುತ್ತಾರೆ. ಕೆಲವರು ಕೇದಾರಕಂಠದಂಥ ಶಿಖರ ಹತ್ತಲು, ಕೆಲವರು ಔಲಿಯಲ್ಲೋ ಗುಲ್ಮಾರ್ಗದಲ್ಲೋ ಸ್ಕೀ ಕಲಿಯಲು. ಹೊರಡುವ ಹಿಂದಿನ ವಾರ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಸ್ವೆಟರು ಇದೆ, ಟೋಪಿ ಇದೆ, ಕಾಲಿಗೆ ಏನು ಹಾಕಿಕೊಂಡು ಹೋಗುವುದು?

ಇದು ಬರೀ ಪ್ಯಾಂಟಿನ ಮಾತು ಎಂದು ಹಗುರವಾಗಿ ಕಾಣಬೇಡಿ. ಈ ಪ್ರಶ್ನೆಗೆ ಬೆಂಗಳೂರಿಗರು ಸಾಮಾನ್ಯವಾಗಿ ಕೊಡುವ ಉತ್ತರ ತಪ್ಪು. ಆ ತಪ್ಪಿಗೆ ಒಂದು ಇತಿಹಾಸವಿದೆ. ನಮ್ಮಲ್ಲಿ ಹಿಂದೆ ಇದ್ದ ಸರಿಯಾದ ತಿಳಿವಳಿಕೆಯನ್ನು ನಾವು ಹೇಗೆ ಕೈಬಿಟ್ಟೆವು ಎಂಬುದೂ ಆ ಇತಿಹಾಸದಲ್ಲೇ ಇದೆ.

ಮೊದಲು ಹೆಸರಿನಿಂದಲೇ ಆರಂಭಿಸೋಣ. ಪ್ಯಾಂಟು ಎಂಬ ಮಾತು ಬರುವ ಮೊದಲು ಕನ್ನಡದಲ್ಲಿ ಚಲ್ಲಣವಿತ್ತು, ಇಜಾರವಿತ್ತು, ಷರಾಯಿ ಇತ್ತು. ಚಲ್ಲಣ ಮೊಣಕಾಲಿನ ಆಸುಪಾಸಿಗೆ ನಿಲ್ಲುವ ಉಡುಪು. ಜಟ್ಟಿಗಳಿಗೆ, ದುಡಿಯುವವರಿಗೆ ಒಗ್ಗಿದ್ದು. ಇಜಾರ, ಷರಾಯಿಗಳು ಪರ್ಷಿಯನ್, ಉರ್ದುಗಳ ಮೂಲಕ, ಕುದುರೆ ಏರುವವರ ಜೊತೆಗೆ ಬಂದವು. ಉಳಿದ ಜನಸಾಮಾನ್ಯರಿಗೆ ಪಂಚೆಯೇ ಗತಿ. ಆದರೆ ಪಂಚೆ ಎಂದೊಡನೆ ಕಾಲಿಗೆ ತೊಡರುವ ಬಟ್ಟೆ ಎಂದು ತಿಳಿಯಬಾರದು. ಕಚ್ಚೆ ಹಾಕಿದ ಪಂಚೆ ಎರಡು ಕಾಲುಗಳನ್ನೂ ಬೇರೆ ಮಾಡುತ್ತದೆ, ತೊಡೆಯ ನಡುವೆ ಬೇಕಾದಷ್ಟು ಸಡಿಲ ಬಿಡುತ್ತದೆ. ಅದನ್ನು ಉಟ್ಟು ಗದ್ದೆ ಉಳಬಹುದು, ಬೆಟ್ಟ ಹತ್ತಬಹುದು. ಹೊಲದಲ್ಲಿ ದುಡಿಯುವ ಹೆಂಗಸರು ಸೀರೆಗೂ ಕಚ್ಚೆ ಹಾಕಿದ್ದು ಇದೇ ಕಾರಣಕ್ಕೆ. ಇಂದು ಬೆಟ್ಟ ಹತ್ತುವವರ ದುಬಾರಿ ಪ್ಯಾಂಟುಗಳಲ್ಲಿ ಎರಡು ತೊಡೆ ಸೇರುವ ಕಡೆ ವಜ್ರಾಕಾರದ ಒಂದು ತುಂಡನ್ನು ಕೂಡಿಸಿ ಹೊಲಿದಿರುತ್ತಾರೆ. ಕಾಲು ಎತ್ತಿದಾಗ ಹೊಲಿಗೆ ಹರಿಯದಿರಲಿ ಎಂದು. ಹೊಲಿಗೆಯೇ ಇಲ್ಲದ ಕಚ್ಚೆ ಆ ತೊಡಕನ್ನು ಎಂದೋ ಬಿಡಿಸಿಕೊಂಡಿತ್ತು!

ಚಾಮರಾಜಪೇಟೆ 1892ರಲ್ಲಿ ಹುಟ್ಟಿತು. ಪ್ಲೇಗಿನ ಹಾವಳಿಯ ಸುಮಾರಿಗೆ, ಅಂದರೆ 1898ರ ಆಸುಪಾಸಿನಲ್ಲಿ, ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಈ ಬಡಾವಣೆಗಳಿಗೆ ಬಂದು ನೆಲೆಸಿದ ವಕೀಲರು, ಮೇಷ್ಟರು, ಗುಮಾಸ್ತರ ಉಡುಪು ಎಂದರೆ ಕಚ್ಚೆ ಪಂಚೆ, ಮುಚ್ಚು ಕೋಟು, ತಲೆಗೆ ಪೇಟ. ಪ್ಯಾಂಟು ಒಳಗೆ ಬಂದದ್ದು ನಿಧಾನವಾಗಿ, ಅದೂ ಮೇಲಿನ ಅಧಿಕಾರಿಗಳ ಮೂಲಕ. ವಿಶ್ವೇಶ್ವರಯ್ಯನವರ ಚಿತ್ರವನ್ನು ನೆನಪಿಸಿಕೊಳ್ಳಿ. 1930ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಪಡೆದ, ಬಳಿಕ ಬೆಂಗಳೂರಿಗೆ ಬಂದು ನೆಲೆಸಿದ ಸಿ.ವಿ. ರಾಮನ್ನರ ಚಿತ್ರವನ್ನೂ ನೋಡಿ. ತಲೆ ನಮ್ಮದು, ಕಾಲು ವಿಲಾಯತಿಯದು. ತಲೆಯುಡುಪು ಬಿಡಲು ಒಪ್ಪದ ಜನ ಕಾಲಿನ ಉಡುಪನ್ನು ಅಷ್ಟು ಸುಲಭವಾಗಿ ಬದಲಾಯಿಸಿಕೊಂಡದ್ದು ಏಕೆ ಎಂದು ಯಾರಾದರೂ ಯೋಚಿಸಬೇಕು. ಅದಿರಲಿ.

ಈ ಎಲ್ಲ ಉಡುಪೂ ಹತ್ತಿಯದು ಅಥವಾ ತೆಳು ಉಣ್ಣೆಯದು. ಮೂರು ಸಾವಿರ ಅಡಿ ಎತ್ತರದ ಈ ಊರಿಗೆ ಅದು ಸಾಕು. ಬೆವರಿದರೆ ಹತ್ತಿ ಹೀರಿಕೊಳ್ಳುತ್ತದೆ, ಗಾಳಿ ಬಂದರೆ ಆರುತ್ತದೆ, ಮೈ ತಂಪಾಗುತ್ತದೆ. ‘ಹಿತವಾದ ಬಟ್ಟೆ’ ಎಂದರೆ ಹತ್ತಿ ಎಂಬ ತಿಳಿವಳಿಕೆ ನಮ್ಮ ಮೈಗೆ ಹತ್ತಿದ್ದು ಹೀಗೆ. ‘ಬಾಳಿಕೆ’ ಎಂದರೆ ದಪ್ಪ ಎಂಬ ಇನ್ನೊಂದು ತಿಳಿವಳಿಕೆಯನ್ನು ಕೊಟ್ಟದ್ದು ಖಾಕಿ. ಪೇಷಾವರದ ಕಡೆ ಹ್ಯಾರಿ ಲಮ್ಸ್‌ಡೆನ್ 1846ರಲ್ಲಿ ಕಟ್ಟಿದ ಗೈಡ್ಸ್ ಪಡೆಗೆ ಧೂಳಿನ ಬಣ್ಣದ ಬಟ್ಟೆ ತೊಡಿಸಿದ; ‘ಖಾಕ್’ ಎಂದರೆ ಧೂಳು. ಆ ಬಣ್ಣ ಪೊಲೀಸರಿಗೆ, ಅಂಚೆಯವರಿಗೆ, ಬಸ್ಸಿನ ಕಂಡಕ್ಟರಿಗೆ ಬಂತು. ಅದರ ಬಳಿಕ ಬಂದ ಜೀನ್ಸ್ ಈ ನಂಬಿಕೆಯನ್ನು ಗಟ್ಟಿ ಮಾಡಿತು. ಲೆವಿ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ 1873ರ ಮೇ 20ರಂದು ಪೇಟೆಂಟ್ ಪಡೆದದ್ದು ತಾಮ್ರದ ಗುಂಡಿ ಬಡಿದ ಕೆಲಸಗಾರರ ಪ್ಯಾಂಟಿಗೆ. ಬಂಡೆಗೆ ಉಜ್ಜಿದರೂ ಸವೆಯದ ಬಟ್ಟೆ ಅದು. ರಾಮನಗರದ ಬಂಡೆಗಳ ಮೇಲೆ ಹತ್ತಿ ಇಳಿದವರಿಗೆ ಅದರ ಗುಣ ಗೊತ್ತು. ಹಾಗಾಗಿ ನಮ್ಮ ಹುಡುಗರು ಹಿಮಾಲಯಕ್ಕೂ ಅದನ್ನೇ ಹಾಕಿಕೊಂಡು ಹೊರಟರು.

ನಾನೂ ಹೊರಟವನೇ. ಮನಾಲಿಯ ಮೇಲಿನ ಹಿಮದಲ್ಲಿ ಒಂದು ಬೆಳಗ್ಗೆ ಹೊಸ ಜೀನ್ಸ್ ತೊಟ್ಟು ಆಡಿದೆ, ಬಿದ್ದೆ, ಎದ್ದೆ. ಬಿಸಿಲಿತ್ತು, ಏನೂ ಅನ್ನಿಸಲಿಲ್ಲ. ಮಧ್ಯಾಹ್ನ ಮೋಡ ಕವಿದು ಗಾಳಿ ಎದ್ದಾಗ ಮೊಣಕಾಲಿನಿಂದ ಕೆಳಗೆ ಬಟ್ಟೆ ಹಲಗೆಯಂತೆ ಸೆಟೆದಿತ್ತು. ಮಡಿಸಲು ಹೋದರೆ ಬಳುಕದು. ಜೊತೆಗಿದ್ದ ಮನಾಲಿಯ ಹುಡುಗ ನನ್ನ ಕಾಲು ನೋಡಿ ಏನೂ ಹೇಳದೆ ತನ್ನ ಉಣ್ಣೆಯ ಶಾಲು ಬಿಚ್ಚಿ ಸುತ್ತಿದ. ಬಸ್ಸಿನಲ್ಲಿ ಕೂತು ಅರ್ಧ ಗಂಟೆಯಾದರೂ ಬೆರಳುಗಳು ನನ್ನವು ಎನ್ನಿಸಲಿಲ್ಲ.

ಏಕೆ ಹೀಗೆ? ಸಾಮಾನ್ಯ ಹವೆಯಲ್ಲಿ ಇಟ್ಟ ಹತ್ತಿ ತನ್ನ ತೂಕದ ಸುಮಾರು ನೂರಕ್ಕೆ 8ರಷ್ಟು ತೇವವನ್ನು ಹಿಡಿದುಕೊಂಡಿರುತ್ತದೆ, ನೈಲಾನ್ 4ರಷ್ಟು, ಪಾಲಿಯೆಸ್ಟರ್ ಅರ್ಧಕ್ಕಿಂತ ಕಡಿಮೆ. ಉಣ್ಣೆ ಹತ್ತಿಗಿಂತಲೂ ಹೆಚ್ಚು, 16ರಷ್ಟು. ಹಾಗಿದ್ದರೆ ಉಣ್ಣೆ ಇನ್ನೂ ಕೆಟ್ಟದ್ದಾಗಬೇಕಲ್ಲ ಎಂದು ನೀವು ಕೇಳಬಹುದು. ಗುಟ್ಟು ಇರುವುದು ಇಲ್ಲಿ. ಉಣ್ಣೆ ಆ ತೇವವನ್ನು ಎಳೆಯ ಒಳಗೆ ಸೆಳೆದುಕೊಳ್ಳುತ್ತದೆ. ಅದರ ಎಳೆ ಸುರುಳಿ ಸುರುಳಿಯಾಗಿ ಪುಟಿಯುವುದರಿಂದ ನಡುವೆ ಗಾಳಿ ಉಳಿಯುತ್ತದೆ. ನಮ್ಮನ್ನು ಬೆಚ್ಚಗಿಡುವುದು ಆ ಗಾಳಿ. ಹತ್ತಿ ಒದ್ದೆಯಾದೊಡನೆ ಮುದುಡಿ ಚರ್ಮಕ್ಕೆ ಅಂಟುತ್ತದೆ, ಗಾಳಿ ಇದ್ದ ಜಾಗದಲ್ಲಿ ನೀರು ತುಂಬುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಮೇಲೆ ಬೀಸುಗಾಳಿ ಸೇರಿದರೆ ಕೇಳುವುದೇ ಬೇಡ: ಉಷ್ಣಾಂಶ ಸೊನ್ನೆಯಿಂದ 10 ಡಿಗ್ರಿ ಕೆಳಗಿದ್ದು, ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಯಿಂದ 20 ಡಿಗ್ರಿ ಕೆಳಗಿದ್ದಂತೆ.

ಇದನ್ನು ವಿಜ್ಞಾನ ಬಂದು ಹೇಳಬೇಕಾಗಿರಲಿಲ್ಲ. ಮಲೆನಾಡಿನಲ್ಲಿ ಆಷಾಢದ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ನಾಟಿಗೆ ಇಳಿದವರನ್ನು ಕೇಳಿ. ಕಂಬಳಿ ನೆನೆದು ಭಾರವಾಗುತ್ತದೆ, ಆದರೆ ಒಳಗಿನ ಬೆನ್ನು ಬೆಚ್ಚಗಿರುತ್ತದೆ. ಚಳ್ಳಕೆರೆಯ ಕಡೆ ಕುರುಬರು ದಖ್ಖನಿ ಕುರಿಯ ಒರಟು ಉಣ್ಣೆಯಿಂದ ನೇಯ್ದ ಕರಿ ಕಂಬಳಿ ಮೈಗೆ ಚುಚ್ಚುತ್ತದೆ ನಿಜ. ಆದರೆ ಬಯಲಿನಲ್ಲಿ ರಾತ್ರಿ ಕಳೆಯುವ ಕುರಿಗಾಹಿ ಅದನ್ನು ಬಿಟ್ಟು ಬೇರೆ ಏನನ್ನೂ ನಂಬಲಿಲ್ಲ. ಚಾಮರಾಜಪೇಟೆಗೆ ಕೂಗಳತೆಯ ದೂರದಲ್ಲಿ, 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಶುರುವಾಯಿತು. ಊರು ಅತಿ ಹೆಚ್ಚು ನಡುಗಿದ ವರ್ಷವೂ ಅದೇ ಎಂಬುದು ಕಾಕತಾಳೀಯ. ಅದು ಬಿನ್ನಿ ಕಂಪನಿಯ ಕೈಸೇರಿ ಬಿನ್ನಿ ಮಿಲ್ಲಾಯಿತು, ಸುತ್ತಲಿನ ಪೇಟೆ ಬಿನ್ನಿಪೇಟೆಯಾಯಿತು. ಅಲ್ಲಿ ನೇಯ್ದ ಉಣ್ಣೆ ಬಟ್ಟೆ, ಕಂಬಳಿಗಳು ಸೈನ್ಯಕ್ಕೆ ಹೋದವು. ನಮ್ಮ ಊರಿನ ಮಗ್ಗದ ಉಣ್ಣೆ ಹಿಮದ ಗಡಿಗಳನ್ನು ಕಾಯುವವರ ಮೈಮೇಲಿದ್ದಾಗ ನಾವು ಇಲ್ಲಿ ಹತ್ತಿಯ ಪಂಚೆ ಉಟ್ಟು ಮಿಲ್ಲಿನ ಸೈರನ್ನಿಗೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದೆವು. ಈಗ ಮಿಲ್ಲೂ ಇಲ್ಲ, ಸೈರನ್ನೂ ಇಲ್ಲ. ಆ ನೆಲದಲ್ಲಿ ಮಾಲು, ಬಹುಮಹಡಿ ಮನೆಗಳು ಎದ್ದಿವೆ. ಮಲ್ಲೇಶ್ವರದ ತುದಿಯ ರಾಜಾ ಮಿಲ್ಲಿನ ಕಥೆಯೂ ಅಷ್ಟೇ.

ಎಲ್ಲರಿಗೂ ಉಣ್ಣೆ ಸಿಕ್ಕಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1962ರ ಅಕ್ಟೋಬರಿನಲ್ಲಿ ನಮ್ಕಾ ಚು ಹೊಳೆಯ ದಂಡೆಗೆ ಕಳುಹಿಸಲಾದ 7ನೇ ಬ್ರಿಗೇಡಿನ ಸೈನಿಕರಲ್ಲಿ ಬಹುಪಾಲು ಜನ ಬೇಸಿಗೆಯ ಹತ್ತಿಯ ಸಮವಸ್ತ್ರದಲ್ಲಿ, ಕ್ಯಾನ್ವಾಸ್ ಬೂಟಿನಲ್ಲಿ ಇದ್ದರು. ಆ ಬ್ರಿಗೇಡಿನ ನಾಯಕ ಜಾನ್ ದಳ್ವಿಯವರು ಬರೆದ ‘ಹಿಮಾಲಯನ್ ಬ್ಲಂಡರ್’ ಪುಸ್ತಕವನ್ನು ರವಿ ಬೆಳಗೆರೆಯವರ ಕನ್ನಡದಲ್ಲಿ ನಿಮ್ಮಲ್ಲಿ ಹಲವರು ಓದಿದ್ದೀರಿ. ಯುದ್ಧದ ಸೋಲಿಗೆ ನೂರು ಕಾರಣಗಳಿರಬಹುದು, ರಾಜಕೀಯದ ವಿಚಾರ ಇಲ್ಲಿ ಬೇಡ. ಆದರೆ ಶತ್ರುವಿನ ಗುಂಡಿಗೆ ಮೊದಲೇ ಹತ್ತಿಯ ಷರಾಯಿ ಸೈನಿಕನನ್ನು ಅರ್ಧ ಸೋಲಿಸಿತ್ತು ಎಂಬ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ಈಗ ಹಿಮದ ಮೇಲೆ ನಡೆಯುವವರ ಕಡೆಗೆ ತಿರುಗೋಣ. 1924ರ ಜೂನ್ 8ರಂದು ಎವರೆಸ್ಟಿನ ಏಣಿನ ಮೇಲೆ ಕೊನೆಯ ಬಾರಿ ಕಾಣಿಸಿಕೊಂಡ ಜಾರ್ಜ್ ಮ್ಯಾಲರಿಯ ದೇಹ 1999ರ ಮೇ ತಿಂಗಳಲ್ಲಿ ಸಿಕ್ಕಿತು. ಮೈಮೇಲಿದ್ದ ಬಟ್ಟೆಯ ಚೂರುಗಳನ್ನು ಪರೀಕ್ಷಿಸಿ ಅದೇ ಬಗೆಯ ಉಡುಪನ್ನು ಮತ್ತೆ ನೇಯಿಸಿ, ಹೊಲಿಸಿ, 2006ರಲ್ಲಿ ಎವರೆಸ್ಟಿನ ತಪ್ಪಲಿನಲ್ಲಿ ತೊಟ್ಟು ನೋಡಿದರು. ರೇಷ್ಮೆ, ಹತ್ತಿ, ಉಣ್ಣೆಗಳ ಪದರ ಪದರ. ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಗ್ಯಾಬರ್ಡೀನ್. ಥಾಮಸ್ ಬರ್ಬೆರಿ 1879ರಲ್ಲಿ ರೂಪಿಸಿದ, ಒತ್ತಾಗಿ ನೇಯ್ದ ಬಟ್ಟೆ ಅದು. ತೊಟ್ಟವರಿಗೆ ಅದು ಹಗುರವಾಗಿಯೂ ಬೆಚ್ಚಗೂ ಇತ್ತಂತೆ. ನೂರು ವರ್ಷದ ಹಿಂದಿನವರು ಪೆದ್ದರು, ಕೋಟು ಹಾಕಿ ಹಿಮ ಹತ್ತಿದರು ಎಂಬ ನಗೆಮಾತು ಅಂದಿಗೆ ನಿಂತಿತು. ಅವರು ಮೊಣಕಾಲಿನಿಂದ ಕೆಳಗೆ ಸುತ್ತಿಕೊಳ್ಳುತ್ತಿದ್ದ ‘ಪಟ್ಟಿ’ ನಮ್ಮ ದೇಶದ ಮಾತು, ನಮ್ಮ ದೇಶದ ಉಪಾಯ. ಬೂಟಿನೊಳಗೆ ಹಿಮ ನುಗ್ಗದಂತೆ ಇಂದು ಕಟ್ಟಿಕೊಳ್ಳುವ ಗೇಟರ್ ಮಾಡುವುದೂ ಆ ಪಟ್ಟಿಯ ಕೆಲಸವನ್ನೇ.

ಕಾಲಿನ ಉಡುಪಿಗೆ ನಮ್ಮ ದೇಶ ಕೊಟ್ಟದ್ದು ಇನ್ನೊಂದಿದೆ. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವಕ್ಕೆ ಲಂಡನ್ನಿಗೆ ಹೋದ ಜೋಧಪುರದ ಸರ್ ಪ್ರತಾಪ್ ಸಿಂಗರು ತೊಟ್ಟಿದ್ದ, ತೊಡೆಯಲ್ಲಿ ಅಗಲವಾಗಿ ಮೊಣಕಾಲಿನ ಕೆಳಗೆ ಬಿಗಿಯಾದ ಷರಾಯಿಯನ್ನು ಅಲ್ಲಿನವರು ಕುದುರೆ ಸವಾರಿಗೆ ಎತ್ತಿಕೊಂಡರು. ಮೇಲೆ ಸಡಿಲ, ಕೆಳಗೆ ಬಿಗಿ ಎಂಬ ಆ ಸೂತ್ರ ಇವತ್ತಿನ ಸ್ಕೀ ಪ್ಯಾಂಟಿನಲ್ಲೂ ನಡೆಯುತ್ತದೆ. ಯೂರೋಪಿನಲ್ಲಿ 1950ರ ದಶಕದಲ್ಲಿ ಮೈಗೆ ಅಂಟಿ ಹಿಗ್ಗುವ ಸ್ಕೀ ಪ್ಯಾಂಟು ಬಂದು ಚಲನಚಿತ್ರದ ತಾರೆಯರ ಕಾಲೇರಿತು. ಅದು ಫ್ಯಾಷನ್ನಿನ ಕಥೆ, ನಮಗೆ ಬೇಡ. 1969ರಲ್ಲಿ ಬಾಬ್ ಗೋರ್ ಕಂಡುಹಿಡಿದ ಪೊರೆ ಮಾತ್ರ ಎಲ್ಲವನ್ನೂ ಬದಲಿಸಿತು. ನೀರಿನ ಹನಿ ಒಳಗೆ ಬಾರದಷ್ಟು ಸಣ್ಣದಾದ, ಬೆವರಿನ ಆವಿ ಹೊರಗೆ ಹೋಗುವಷ್ಟು ದೊಡ್ಡದಾದ ರಂಧ್ರಗಳು ಅದರಲ್ಲಿದ್ದವು. ಅಂಗಡಿಯವರು ಇದನ್ನು ಮಂತ್ರದಂತೆ ಹೇಳುತ್ತಾರೆ. ಆದರೆ ಎಷ್ಟು ಒಳ್ಳೆಯ ಪೊರೆಯಾದರೂ ಏದುಸಿರು ಬಿಟ್ಟು ಹತ್ತುವವನ ಬೆವರಿನ ವೇಗಕ್ಕೆ ಸಾಲದು ಎಂಬುದನ್ನು ಅವರು ಹೇಳುವುದಿಲ್ಲ.

ಸ್ಕೀ ಎಂದರೆ ನಮಗೆ ಸಾಮಾನ್ಯವಾಗಿ ಕಾಣುವುದು ಇಳಿಜಾರಿನಲ್ಲಿ ಸರ್ರನೆ ಜಾರುವವರು. ಅವರನ್ನು ತಂತಿಯ ಕುರ್ಚಿ ಮೇಲಕ್ಕೆ ಒಯ್ಯುತ್ತದೆ. ಕೂತು ಹೋಗುವಾಗ ಚಳಿ, ಜಾರುವಾಗ ಗಾಳಿ. ಅವರಿಗೆ ದಪ್ಪನೆಯ, ಒಳಗೆ ಹತ್ತಿಯಂತೆ ಕಾಣುವ ಕೃತಕ ನಾರು ತುಂಬಿದ ಪ್ಯಾಂಟು ಸರಿ. ಸೋಲಾಂಗ್, ಔಲಿಗಳಲ್ಲಿ ಬಾಡಿಗೆಗೆ ಕೊಡುವುದು ಇಂಥದನ್ನೇ. ಕುರ್ಚಿಯೂ ಇಲ್ಲದ, ಸಿದ್ಧಪಡಿಸಿದ ಇಳಿಜಾರೂ ಇಲ್ಲದ ಬೆಟ್ಟಗಳಲ್ಲಿ ಸ್ಕೀ ಮಾಡುವವರ ಪಾಡು ಬೇರೆ. ಅವರು ಸ್ಕೀಯ ಅಡಿಗೆ ಹಿಂದಕ್ಕೆ ಜಾರದಂಥ ರೋಮದ ಪಟ್ಟಿ ಅಂಟಿಸಿಕೊಂಡು ಗಂಟೆಗಟ್ಟಲೆ ಹತ್ತಬೇಕು, ಹತ್ತು ನಿಮಿಷದಲ್ಲಿ ಇಳಿಯಬೇಕು. ಹತ್ತುವಾಗ ಮೈಯೆಲ್ಲ ಬೆವರು. ತುದಿಯಲ್ಲಿ ನಿಂತೊಡನೆ ಆ ಬೆವರೇ ವೈರಿ. ಚಳಿಗಾಲದ ಚಾರಣಿಗರ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ನಮ್ಮ ಕೊಡಗಿನ ತೆಕ್ಕಡ ಭವಾನಿಯವರು 2024ರಲ್ಲಿ ಗುಲ್ಮಾರ್ಗದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನ ತಂದ ಕ್ರಾಸ್ ಕಂಟ್ರಿ ಸ್ಕೀ ಪಂದ್ಯಗಳ ಚಿತ್ರಗಳನ್ನು ಕಂಡವರು ಆ ಪಂದ್ಯದವರ ಉಡುಪು ಎಷ್ಟು ತೆಳುವೆಂದು ಬೆರಗಾಗುತ್ತಾರೆ. ಅಷ್ಟು ದುಡಿಯುವ ದೇಹಕ್ಕೆ ದಪ್ಪ ಬಟ್ಟೆ ಹೊರೆ ಮಾತ್ರ. ಹಿಮದಲ್ಲಿ ಚಳಿಗೆ ಬಟ್ಟೆ ಆರಿಸುವುದಕ್ಕಿಂತ ಮೊದಲು ಬೆವರಿಗೆ ಬಟ್ಟೆ ಆರಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ಯಾವುದು? ಒಳಗೆ ತೆಳುವಾದ ಉಣ್ಣೆಯದೋ ಪಾಲಿಯೆಸ್ಟರಿನದೋ ಚರ್ಮಕ್ಕೆ ಹೊಂದುವ ಒಳಪ್ಯಾಂಟು. ಇಲ್ಲಿ ಹತ್ತಿ ಸುಳಿಯಬಾರದು. ಒಳಚಡ್ಡಿಯೂ ಹತ್ತಿಯದಾಗಬಾರದು ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಹೊರಗೆ ನೈಲಾನಿನ, ತುಸು ಹಿಗ್ಗುವ, ಗಾಳಿ ತಡೆಯುವ ಆದರೆ ಪೂರ್ತಿ ಮುಚ್ಚದ ನಡೆಯುವ ಪ್ಯಾಂಟು. ಚೀಲದಲ್ಲಿ ಮಡಚಿಟ್ಟ, ಬಿರುಗಾಳಿ ಎದ್ದಾಗ ಬೂಟು ಬಿಚ್ಚದೆ ಮೇಲೆ ಎಳೆದುಕೊಳ್ಳುವಂತೆ ಬದಿಯಲ್ಲಿ ಉದ್ದಕ್ಕೂ ಜಿಪ್ಪಿರುವ ನೀರು ತಡೆಯುವ ಮೇಲುಪ್ಯಾಂಟು. ಒಂದು ದಪ್ಪ ಪ್ಯಾಂಟಿಗಿಂತ ಈ ಮೂರು ತೆಳು ಪ್ಯಾಂಟುಗಳು ಮೇಲು.

ಅಂಗಡಿಯಲ್ಲಿ ನಾಚಿಕೊಳ್ಳಬೇಡಿ. ಪ್ಯಾಂಟು ತೊಟ್ಟು ಊಟಕ್ಕೆ ಕೂತಂತೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿ. ಮೊಣಕಾಲನ್ನು ಎದೆಯವರೆಗೆ ಎತ್ತಿ. ಸೊಂಟ ಕೆಳಗೆ ಜಾರಿದರೆ, ತೊಡೆ ಹಿಡಿದರೆ, ಅದು ನಿಮ್ಮದಲ್ಲ. ಬಟ್ಟೆಗೆ ಬಾಯಿ ಇಟ್ಟು ಊದಿ. ಆಚೆ ಕೈಗೆ ಗಾಳಿ ಧಾರಾಳವಾಗಿ ತಗುಲಿದರೆ ಬೆಟ್ಟದ ಗಾಳಿಯೂ ಹಾಗೆಯೇ ಒಳಬರುತ್ತದೆ. ದಪ್ಪ ಕೈಚೀಲ ಹಾಕಿಕೊಂಡು ಜಿಪ್ಪು ಎಳೆಯಲು ಬರುತ್ತದೆಯೇ ನೋಡಿ. ಚೀಟಿಯಲ್ಲಿ ‘ಡೆನಿಯರ್’ ಎಂದು ಬರೆದಿರುತ್ತದೆ: 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ರಾಮನಗರದ ರೇಷ್ಮೆ ನೂಲುವವರಿಗೆ ಇದು ಹೊಸ ಮಾತಲ್ಲ. ಸಂಖ್ಯೆ ಹೆಚ್ಚಿದಷ್ಟೂ ಎಳೆ ದಪ್ಪ. ಆದರೆ ಇಡೀ ಪ್ಯಾಂಟು ದಪ್ಪ ಬೇಕಿಲ್ಲ. ಸ್ಕೀಯ ಅಂಚು ಉಕ್ಕಿನದು, ಅದು ಕೊಯ್ಯುವುದು ಕಣಕಾಲಿನ ಒಳಬದಿಯನ್ನು. ಅಲ್ಲಿ, ಮೊಣಕಾಲಿನಲ್ಲಿ, ಕೂರುವ ಕಡೆ ಗಟ್ಟಿ ತೇಪೆ ಇದ್ದರೆ ಉಳಿದದ್ದು ಹಗುರವಾಗಿರಲಿ. ಜೀನ್ಸಿನಂತೆ ಎಲ್ಲೆಡೆ ದಪ್ಪವಿರುವುದೇ ಬಾಳಿಕೆ ಎಂಬ ಹಳೆಯ ನಂಬಿಕೆಯನ್ನು ಇಲ್ಲಿ ಬಿಡಬೇಕು.

ಇನ್ನೊಂದು ತೊಡಕು ನಮ್ಮವರಿಗೇ ವಿಶೇಷ. ಈ ಪ್ಯಾಂಟುಗಳ ಅಳತೆ ಬಹುತೇಕ ವಿದೇಶದ ಕಾಲಿನದು, ಉದ್ದ ಹೆಚ್ಚು. ಮನೆ ಪಕ್ಕದ ಟೈಲರಿಗೆ ಕೊಟ್ಟು ಮೂರು ಇಂಚು ಕತ್ತರಿಸಿದರೆ ತುದಿಯ ಹಿಗ್ಗುವ ಪಟ್ಟಿಯೂ ಗಟ್ಟಿ ತೇಪೆಯೂ ಹೋಗುತ್ತವೆ. ನೀರು ತಡೆಯುವ ಬಟ್ಟೆಗೆ ಸೂಜಿ ಚುಚ್ಚಿದರೆ ಒಂದೊಂದು ತೂತೂ ಒಂದೊಂದು ಸೋರುವ ಬಾಯಿ. ಕಂಪನಿಯವರು ಹೊಲಿಗೆಯ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿರುವುದು ಅದಕ್ಕೆ. ಹೆಂಗಸರ ಅಳತೆಯಲ್ಲಿ ಆಯ್ಕೆ ಇನ್ನೂ ಕಡಿಮೆ. ಸಲ್ವಾರ್ ತೊಟ್ಟು ಕೇದಾರ ಹತ್ತಿದವರು ನಮ್ಮಲ್ಲಿ ಬಹಳ ಜನ. ಅದರ ಸಡಿಲ ಒಳ್ಳೆಯದು, ಅದರ ಹತ್ತಿ ಅಲ್ಲ.

‘ಇದೆಲ್ಲ ಡಿಸೆಂಬರಿನ ಮಾತಾಯಿತು, ನಾವು ಬೇಸಿಗೆಯಲ್ಲಿ ಹೋಗುತ್ತೇವೆ’ ಎನ್ನುವವರಿಗೆ ಒಂದು ನೋವಿನ ನೆನಪು. 2024ರ ಜೂನ್ ಮೊದಲ ವಾರ ಉತ್ತರಕಾಶಿಯ ಸಹಸ್ರತಾಲದ ಹಾದಿಯಲ್ಲಿ ಕರ್ನಾಟಕದವರೇ ಹೆಚ್ಚಾಗಿದ್ದ 22 ಮಂದಿಯ ಚಾರಣ ತಂಡ ಹಿಮದ ಬಿರುಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ಹಿಂದಿರುಗಲಿಲ್ಲ. ಅವರಲ್ಲಿ ಹೆಚ್ಚಿನವರು ನಮ್ಮ ಊರಿನವರು. ಅವರು ಏನು ತೊಟ್ಟಿದ್ದರು ಎಂದು ಕೂತಲ್ಲಿಂದ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ. ಸಾವಿರ ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ಚಳಿ ಹೆಚ್ಚುತ್ತದೆ. ನಾಲ್ಕು ಸಾವಿರ ಮೀಟರಿನ ಮೇಲೆ ಜೂನ್ ಕೂಡ ಒಂದೇ ಗಳಿಗೆಯಲ್ಲಿ ಜನವರಿಯಾಗಬಲ್ಲದು. ಮೇಲುಪ್ಯಾಂಟು ಬೇಸಿಗೆಯಲ್ಲೂ ಚೀಲದಲ್ಲಿರಲಿ. ಹೇಸರಗತ್ತೆಯ ಮೇಲೆ ಮುಂದೆ ಸಾಗುವ ದೊಡ್ಡ ಚೀಲದಲ್ಲಲ್ಲ, ನಿಮ್ಮ ಬೆನ್ನ ಮೇಲಿನದರಲ್ಲಿ.

ಕೊಂಡ ಪ್ಯಾಂಟನ್ನು ಮೊದಲ ಬಾರಿಗೆ ಹಿಮದಲ್ಲಿ ತೊಡಬೇಡಿ. ಆಷಾಢದ ಒಂದು ಜಿನುಗು ಮಳೆಯ ಬೆಳಗ್ಗೆ ಶಿವಗಂಗೆಗೆ ಹೋಗಿ, ಬೆನ್ನಿಗೆ ಎಂಟು ಹತ್ತು ಕಿಲೋ ಹೊತ್ತು ತುದಿಯವರೆಗೆ ಹತ್ತಿ, ಅಲ್ಲಿ ಗಾಳಿಗೆ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ತೊಡೆ ತಣ್ಣಗಾದರೆ, ಮೊಣಕಾಲ ಹಿಂದೆ ಬಟ್ಟೆ ಅಂಟಿದರೆ, ಬೇರೆ ಹುಡುಕಿ. ಚೀಟಿ ಕಿತ್ತ ಮೇಲೆ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ ನಿಜ. ಆ ಪ್ಯಾಂಟು ನಂದಿ ಬೆಟ್ಟಕ್ಕೆ ಆದೀತು.